ಕೈ ಬಿಡದ ಕೊಟ್ರೇಶ

ಅದೊಂದು ಮಂಗಳವಾರ. ಬೇರೆ ಮಂಗಳವಾರಗಳ ಹಾಗೆಯೇ ಇತ್ತು. ದಾವಣಗೆರೆಯ ಬಸ್ ಡ್ರೈವರ್ ಚನ್ನವೀರಪ್ಪ ಎರಡು ರೊಟ್ಟಿ ತಿಂದ, ಕೈ ತೊಳೆದ, ಚಪ್ಪಲಿ ಮೆಟ್ಟಿದ. ಹೆಂಡತಿ ಹಾಲಮ್ಮ ಅಂದು ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ಬಾಗಿಲಲ್ಲಿ ನಿಂತು ಮಗನಿಗೆ ಹೇಳಿದ: "ಕೊಟ್ರಾ, ನಾ ಬರೋ ತನಕ ಅಮ್ಮನ ಕೈ ಬಿಡಬ್ಯಾಡ."

ಮಧ್ಯಾಹ್ನ ಹರಿಹರದಲ್ಲಿ ಬಸ್ಸು ನಿಲ್ಲಿಸಿ, ಜನರೆಲ್ಲ ಇಳಿದ ಮೇಲೆ, ಚನ್ನವೀರಪ್ಪ ಸ್ಟಿಯರಿಂಗ್ ಮೇಲೆ ತಲೆ ಇಟ್ಟ. ಮತ್ತೆ ಎತ್ತಲಿಲ್ಲ.

ಕೊಟ್ರೇಶನಿಗೆ ಇಪ್ಪತ್ತಾರು ವರ್ಷ. ಆಳೆತ್ತರದ ಮೈ, ಮಗುವಿನ ಮನಸ್ಸು. ಹೇಳಿದ ಮಾತು ಹೇಳಿದ ಹಾಗೇ ಅವನೊಳಗೆ ಇಳಿಯುತ್ತಿತ್ತು. ಆಸ್ಪತ್ರೆಗೆ ಹೋಗುವಾಗ ಅಮ್ಮನ ಕೈ ಹಿಡಿದ. ಬರುವಾಗ ಹಿಡಿದ. ಮಣ್ಣಿಗೆ ಹೋದಾಗ ಹಿಡಿದ. ತಿಥಿ ಮುಗಿದ ಮೇಲೂ ಹಿಡಿದೇ ಇದ್ದ. ಬಿಡು ಅನ್ನಬೇಕಾದವನು ಬರಲಿಲ್ಲವಲ್ಲ.

"ಬಿಡೋ ಕಂದಾ, ರೊಟ್ಟಿ ತಟ್ಟಬೇಕು."

"ಒಂದು ಕೈಲಿ ತಟ್ಟಮ್ಮ."

ಹಾಲಮ್ಮ ಒಂದು ಕೈಯಲ್ಲಿ ತಟ್ಟಿದಳು. ರೊಟ್ಟಿ ಮೂರು ಮೂಲೆಯಾಯಿತು.

ಎರಡು ಬೀದಿ ಆಚೆ ದಸ್ತಗೀರ್ ಸಾಬರ ಗ್ಯಾರೇಜು. ಅವರು ಚನ್ನವೀರಪ್ಪನ ಗೆಳೆಯರು. ಹಾಲಮ್ಮ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಕರೆದುಕೊಂಡು ಹೋದದ್ದೇನು, ಕೈ ಹಿಡಿದವನು ಅವನೇ.

"ನಾನಿರೋ ತನಕ ನಾನಿದೀನಿ ಸಾಬ್ರೆ. ಆಮೇಲೆ ಇವನಿಗೆ ಬೆಳಗಾದ್ರೆ ಹೋಗಿ ನಿಲ್ಲೋಕೆ ಒಂದು ಜಾಗ ಬೇಕು."

ಸಾಬರು ಗಡ್ಡ ಕೆರೆದುಕೊಂಡರು. "ಭಾನುವಾರದ ತನಕ ನೋಡೋಣ ತಂಗಿ. ಲೇ ಕೊಟ್ರಾ, ಕೆಲಸ ಮಾಡೋನಿಗೆ ಎರಡೂ ಕೈ ಬೇಕು. ಅಮ್ಮನ ಕೈ ಗಂಟೆಗೊಂದು ಸಲ ಹೋಗಿ ಹಿಡ್ಕೊಂಡು ಬಾ. ಭಾನುವಾರ ಕಳೆದ ಮೇಲೆ ಅದೂ ನಿಲ್ಲಬೇಕು."

"ಆಯ್ತು ಚಾಚಾ."

ಗುರುವಾರ ಗ್ಯಾರೇಜಿಗೆ ಒಂದು ಕೆಂಪು ಕಾರು ಬಂತು. ಪುಟ್ಟದು, ನೆಲಕ್ಕೆ ಅಂಟಿಕೊಂಡಂಥದ್ದು, ಓಟಕ್ಕೆ ಹೇಳಿ ಮಾಡಿಸಿದ್ದು. ಓಡಿಸುವವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ವೈಜಯಂತಿ ಮೇಡಂ. ರಜೆ ದಿನ ಕಾರಿನ ಪಂದ್ಯಗಳಿಗೆ ಹೋಗುತ್ತಿದ್ದರು.

"ಸ್ಟಿಯರಿಂಗ್ ತುಂಬಾ ಹಗುರ ಸಾಬ್ರೆ," ಎಂದರು ಮೇಡಂ. "ಬೆಣ್ಣೆಯೊಳಗೆ ಬೆರಳು ಆಡಿಸಿದ ಹಾಗಿದೆ. ಜೋರಾಗಿ ಹೋಗುವಾಗ ಚಕ್ರ ಎಲ್ಲಿದೆ ಅಂತಲೇ ತಿಳಿಯಲ್ಲ."

"ಕೆಳಗೊಂದು ಕರೆಂಟಿನ ಮೋಟರು ಐತೆ ಮೇಡಂ. ನೀವು ತಿರುಗಿಸಿದ್ರೆ ಅದೂ ಕೈಜೋಡಿಸುತ್ತೆ. ಅದರ ಸಹಾಯ ಕಡಿಮೆ ಮಾಡೋಣ." ಸಾಬರು ಕೊಟ್ರೇಶನ ಕಡೆ ತಿರುಗಿದರು. "ಈ ಸ್ಟಿಯರಿಂಗಿಗೆ ಸ್ವಲ್ಪ ತೂಕ ಕೊಡಬೇಕು. ಗಾಡಿ ಒಳಗೆ ತಳ್ಳಿಡು, ಚಾ ಕುಡಿದು ಬರ್ತೀನಿ."

ಚಾ ಕುಡಿದು ಬಂದರು. ಸ್ಟಿಯರಿಂಗಿನ ಎಡಕ್ಕೊಂದು, ಬಲಕ್ಕೊಂದು, ಈರುಳ್ಳಿ ಅಂಗಡಿಯ ತಕ್ಕಡಿಯ ಎರಡು ಕೆಜಿ ಬಟ್ಟುಗಳು ಜೋತಾಡುತ್ತಿದ್ದವು.

"ಏನೋ ಇದು?"

"ತೂಕ ಚಾಚಾ. ಒಂದೇ ಕಡೆ ಆದ್ರೆ ವಾಲುತ್ತೆ ಅಂತ ಎರಡೂ ಕಡೆ ಕಟ್ಟಿದೆ."

ಸಾಬರು ಬೈದರು. ಸಂಜೆ ಹಾಲಮ್ಮ ಹಣೆ ಒತ್ತಿಕೊಂಡು ಹೇಳಿದಳು: "ಏನೇ ಆದ್ರೂ ಒಂದು ಮಾತು ಕೇಳಿ ಮಾಡೋ ಕಂದಾ."

"ಆಯ್ತಮ್ಮ, ಕೇಳಿ ಮಾಡ್ತೀನಿ."

ಶುಕ್ರವಾರ ಸಾಬರು ಸ್ಟಿಯರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿಡಲು ಹೇಳಿ ನಮಾಜಿಗೆ ಹೋದರು. ನಮಾಜು ಮುಗಿಸಿ ಬಂದರೆ ಮುಚ್ಚಳ ಇದ್ದಲ್ಲೇ ಇದೆ. ಕೊಟ್ರೇಶ ಕಾರಿನ ಮುಂದೆ ಕೈಕಟ್ಟಿ ಕೂತಿದ್ದಾನೆ.

"ಯಾಕೋ ಬಿಚ್ಚಲಿಲ್ಲ?"

"ಬಿಚ್ಚಲಾ ಅಂತ ಕೇಳಿದೆ ಚಾಚಾ. ನಾಲ್ಕು ಸಲ ಕೇಳಿದೆ. ಇದು ಹೂಂ ಅನ್ನಲಿಲ್ಲ."

ಸಾಬರು ಬೈದರು. ಬೈಯುವಾಗ ನಗು ಬಂತು, ಅದನ್ನು ನುಂಗಿಕೊಂಡು ಇನ್ನೊಂದು ಸಲ ಬೈದರು. ಸಂಜೆ ಹಾಲಮ್ಮ ಹೇಳಿದಳು: "ಗಾಡಿಗೆ ಬಾಯಿ ಎಲ್ಲೈತೋ? ಅದನ್ನ ಕೈಯಿಂದ ಮುಟ್ಟಿ ತಿಳ್ಕೋಬೇಕು."

"ಆಯ್ತಮ್ಮ, ಮುಟ್ಟಿ ತಿಳ್ಕೋತೀನಿ."

ಶನಿವಾರ ಸಾಬರೇ ಮುಚ್ಚಳ ಬಿಚ್ಚಿ, ಮೋಟರಿನ ತಂತಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಜೋಡಿಸಿದರು. ಅದರ ಮೇಲೆ ತಿರುಗಿಸುವ ಗುಂಡಿ. ಗುಂಡಿಯ ಸುತ್ತ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ. ಒಂಬತ್ತಕ್ಕಿಟ್ಟರೆ ಮೋಟರಿನ ಪೂರ್ತಿ ಸಹಾಯ, ಸೊನ್ನೆಗಿಟ್ಟರೆ ಏನೂ ಇಲ್ಲ.

"ನೋಡು, ಮೇಡಂ ಬರ್ತಾರೆ. ಅವರು ಓಡಿಸ್ತಾ ಹೇಳಿದ ಹಾಗೆ ಈ ಗುಂಡಿ ಇಳಿಸ್ತಾ ಹೋಗು. ರಸ್ತೆ ಕೈಗೆ ಗೊತ್ತಾಗಬೇಕು, ಅಷ್ಟು."

ಮೇಡಂ ಬರುವುದು ತಡವಾಯಿತು. ಕೊಟ್ರೇಶ ಗುಂಡಿಯನ್ನು ಒಂದು ಅಂಕಿ ಇಳಿಸಿದ. ಹೊರಗೆ ಓಡಿ, ಬೀದಿಯ ನಡುವೆ ಮಂಡಿಯೂರಿ, ಎರಡೂ ಅಂಗೈ ಡಾಂಬರಿನ ಮೇಲಿಟ್ಟ. ಒಳಗೆ ಓಡಿದ, ಇನ್ನೊಂದು ಅಂಕಿ ಇಳಿಸಿದ. ಹೊರಗೆ ಓಡಿದ, ಅಂಗೈ ಇಟ್ಟ. ಎದುರಿಗೆ ಟೆಂಪೊವೊಂದು ನಿಂತಿತು.

"ಏನ್ ತಮ್ಮಾ, ಗುಂಡಿ ಮುಚ್ತಿದೀಯಾ?"

"ಇಲ್ಲಣ್ಣ, ತಿರುಗಿಸ್ತಿದೀನಿ. ರಸ್ತೆ ಕೈಗೆ ಗೊತ್ತಾಗುತ್ತಾ ನೋಡ್ತಿದೀನಿ."

"ಗೊತ್ತಾಯ್ತಾ?"

"ಬಿಸಿ ಐತಣ್ಣ."

"ಅದು ನನಗೂ ಗೊತ್ತು, ಏಳಪ್ಪ ಮೇಲೆ," ಎಂದ ಟೆಂಪೊದವನು.

ಮೇಡಂ ಬಂದು ಕಾರು ಹೊರಡಿಸುವಾಗ ಗುಂಡಿ ಸೊನ್ನೆಯಲ್ಲಿತ್ತು. ಎರಡೂ ಕೈಯಲ್ಲಿ ಎಳೆದರೂ ಸ್ಟಿಯರಿಂಗ್ ಬೇಗ ತಿರುಗಲಿಲ್ಲ. ಕಾರು ಮೆಲ್ಲಗೆ ಹೋಗಿ ನೀರಿನ ಡ್ರಮ್ಮಿಗೆ ಮೂತಿ ಒತ್ತಿತು. ಡ್ರಮ್ಮು ಉರುಳಿತು. ಸಾಬರು ಈ ಸಲ ಬೈಯಲಿಲ್ಲ, ಅದೇ ಬೈಗುಳಕ್ಕಿಂತ ಹೆಚ್ಚಾಗಿತ್ತು.

"ನಾಳೆ ಒಂದು ದಿನ ಕೊಟ್ರಾ," ಎಂದರು. "ಮೇಡಂ ಸಾಕು ಅಂದಲ್ಲಿಗೆ ಗುಂಡಿ ನಿಲ್ಲಬೇಕು. ನಿಂತ ಮೇಲೆ ಅದು ಕೂದಲೆಳೆಯಷ್ಟೂ ಅಲ್ಲಾಡಬಾರದು. ತಿಳೀತಾ?"

ಆ ರಾತ್ರಿ ಹಾಲಮ್ಮ ಊಟ ಮಾಡಲಿಲ್ಲ.

ಭಾನುವಾರ ಊರಾಚೆಯ ಖಾಲಿ ಮೈದಾನದಲ್ಲಿ ಮೇಡಂ ಕಾರು ಓಡಿಸಿದರು. ಪಕ್ಕದಲ್ಲಿ ಕೊಟ್ರೇಶ. ಗುಂಡಿಯನ್ನು ಸಾಬರು ಮತ್ತೆ ಒಂಬತ್ತಕ್ಕಿಟ್ಟಿದ್ದರು. ಒಂದು ಸುತ್ತು ಹೋಗುವುದು, ನಿಲ್ಲಿಸುವುದು, ಒಂದು ಅಂಕಿ ಇಳಿಸುವುದು.

"ಎಂಟು, ಮೇಡಂ."

"ಬೆಣ್ಣೆ."

"ಏಳು."

"ಇನ್ನೂ ಬೆಣ್ಣೆನೇ."

"ಆರು," ಎಂದ ಕೊಟ್ರೇಶ. ಇನ್ನೊಂದು ಸುತ್ತಿಗೆ, "ಐದು." ಮೇಡಂ ತುಟಿ ಬಿಗಿದುಕೊಂಡರು.

"ನಾಲ್ಕು, ಮೇಡಂ."

ಮೇಡಂ ಮತ್ತೊಂದು ಸುತ್ತು ಹೊಡೆದರು. ತಿರುವಿನಲ್ಲಿ ಕಲ್ಲು ಸಿಕ್ಕಿದ್ದು, ಮಣ್ಣು ಜಾರಿದ್ದು, ಎಲ್ಲ ಅವರ ಅಂಗೈಗೆ ಬಂತು. "ಸಾಕು," ಎಂದರು.

ಕೊಟ್ರೇಶ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದ.

ಗ್ಯಾರೇಜು ಬಂತು. ಅವನು ಇಳಿಯಲಿಲ್ಲ. ಗುಂಡಿ ಅಲ್ಲಾಡಬಾರದಲ್ಲ. ಸ್ವಲ್ಪ ಹೊತ್ತಿಗೆ ಅವನ ಮುಖ ಚಿಕ್ಕದಾಯಿತು.

"ಮೇಡಂ, ಅಮ್ಮನ ಕೈ ಹಿಡಿಯೋ ಹೊತ್ತಾಯ್ತು. ಗುಂಡಿ ಬಿಡಂಗಿಲ್ಲ. ಗಾಡೀನ ಮನೆ ತನಕ ಬಿಡ್ತೀರಾ?"

ಕೆಂಪು ಕಾರು ಹಾಲಮ್ಮನ ಬಾಗಿಲಿಗೆ ಬಂತು. ಹಿಂದೆಯೇ ಸ್ಕೂಟರಿನಲ್ಲಿ ಸಾಬರು. ಹಾಲಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಕೊಟ್ರೇಶ ಕಿಟಕಿಯಿಂದ ಎಡಗೈ ಚಾಚಿ ಅಮ್ಮನ ಕೈ ಹಿಡಿದ. ಬಲಗೈ ಗುಂಡಿಯ ಮೇಲೆ.

"ಮತ್ತೇನು ಮಾಡಿದ ಸಾಬ್ರೆ?" ಎಂದಳು ಹಾಲಮ್ಮ.

ಸಾಬರು ಬಗ್ಗಿ ಗುಂಡಿ ನೋಡಿದರು. "ಇಷ್ಟು ವರ್ಷದಲ್ಲಿ ನನ್ನ ಹತ್ರ ಎಷ್ಟೋ ಜನ ಕೆಲಸ ಮಾಡಿದಾರೆ ತಂಗಿ. ಹೇಳಿದ ಅಂಕಿಗೆ ಹೇಳಿದ ಹಾಗೆ ನಿಂತೋನು ಇವನೊಬ್ಬ." ಜೇಬಿನಿಂದ ಕಪ್ಪು ಟೇಪು ತೆಗೆದು ಗುಂಡಿಯ ಮೇಲೆ ಒಂದು ತುಂಡು ಅಂಟಿಸಿದರು. "ಇನ್ನು ಇದು ಹಿಡ್ಕೊಂಡಿರುತ್ತೆ. ನೀನು ಬಿಡಬಹುದು. ನಾಳೆ ಒಂಬತ್ತಕ್ಕೆ ಬಾ. ನಡುನಡುವೆ ಮನೆಗೆ ಓಡಂಗಿಲ್ಲ."

ಕೊಟ್ರೇಶ ಗುಂಡಿ ಬಿಟ್ಟ. ಟೇಪನ್ನೇ ಬಹಳ ಹೊತ್ತು ನೋಡಿದ.

ಸೋಮವಾರ ಬೆಳಗ್ಗೆ ಹಾಲಮ್ಮ ಒಲೆ ಮುಂದೆ ಕೂತಿದ್ದಳು. ಕೊಟ್ರೇಶ ಬಂದು, ಹಿಂದಿನ ದಿನ ಸಾಬರನ್ನು ಕೇಳಿ ತಂದಿದ್ದ ಕಪ್ಪು ಟೇಪನ್ನು ಅಮ್ಮನ ಮುಂಗೈಗೆ ಒಂದು ಸುತ್ತು ಸುತ್ತಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ.

"ಏನೋ ಇದು?"

"ಇದು ಹಿಡ್ಕೊಂಡಿರುತ್ತಮ್ಮ. ಸಂಜೆ ಬಂದು ನಾನು ಹಿಡ್ಕೋತೀನಿ."

ಅವನು ಹೋದ. ಹಾಲಮ್ಮ ಎರಡೂ ಕೈಯಲ್ಲಿ ರೊಟ್ಟಿ ತಟ್ಟಿದಳು. ಪಾತ್ರೆ ತೊಳೆದಳು, ಬಟ್ಟೆ ಒಗೆದಳು, ನೀರು ತಂದಳು.

ಸಂಜೆ ಕೊಟ್ರೇಶ ಬಂದಾಗ ಟೇಪು ಅವಳ ಮುಂಗೈಯಲ್ಲೇ ಇತ್ತು.