ಕೂರ್ಮಗಿರಿಯಲ್ಲಿ ಹೊತ್ತ ಹೆಂಟೆ

ಗಡಿ ತೋರಿಸುವ ಕಲ್ಲಿಗೆ ನಮ್ಮ ಕಡೆ ಬಾನ... ಬಾಂದ... ಏನೋ ಒಂದು ಹೆಸರಿತ್ತು. ಊರು ಬಿಟ್ಟು ಐವತ್ತು ವರ್ಷವಾಯಿತು, ಪೂರ್ತಿ ನೆನಪಾಗುವುದಿಲ್ಲ. ಕೂರ್ಮಗಿರಿಯ ನೆತ್ತಿಯಲ್ಲಿದ್ದ ಅಂಥದೊಂದು ಕಲ್ಲನ್ನು ಯಾರೋ ಕಿತ್ತೆಸೆದ ಬೇಸಿಗೆಯಲ್ಲಿ ನಡೆದದ್ದಿದು.

ಪೂಜ್ಯ ಗುಹಾನಂದ ಸ್ವಾಮಿಗಳು ಆಗ ಆ ನೆತ್ತಿಯ ಬಂಡೆಯ ಮರೆಯಲ್ಲಿ ಹುಲ್ಲಿನ ಚಪ್ಪರ ಹಾಕಿಕೊಂಡು ವಾಸವಾಗಿದ್ದರು. ಬೆಟ್ಟದ ಮೂಡಲಿಗೆ ಒಂದು ಸಂಸ್ಥಾನ, ಪಡುವಲಿಗೆ ಇನ್ನೊಂದು. ಚಪ್ಪರದ ಹತ್ತಿರವೇ ಎಂದೂ ಬತ್ತದ ಚಿಲುಮೆ. ಅದು ಮೂಡಲ ಕಡೇಪಾಳ್ಯದ್ದು. ಕಲ್ಲು ಹೋದದ್ದೇ ತಡ, ಪಡುವಲ ಸೋಗೆಹಳ್ಳಿಯವರು ಚಿಲುಮೆ ತಮ್ಮದೆಂದು ಹಠ ಹಿಡಿದರು.

ಗಡಿ ಬಲ್ಲ ಹಿರಿಯನೊಬ್ಬ ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೆಯಬೇಕು. ಅವನು ಹೆಜ್ಜೆಯಿಟ್ಟಲ್ಲೇ ಎಲ್ಲೆ. ಸುಳ್ಳು ನಡೆದರೆ ಹೆಂಟೆ ಹೊತ್ತ ತಲೆಗೇ ಕೇಡು. ಇದು ಎರಡೂ ಊರು ಒಪ್ಪಿದ ಕಟ್ಟಳೆ. ಗಡಿ ಬಲ್ಲವನಾಗಿ ಉಳಿದಿದ್ದವನು ಸೋಗೆಹಳ್ಳಿಯ ಹಾಲಪ್ಪನೊಬ್ಬನೇ. ಚಿಲುಮೆಯನ್ನು ಒಳಗೆ ಹಾಕಿಕೊಂಡು ಬಾ ಎಂದು ಅವನ ಊರವರು ಮೊದಲೇ ಹೇಳಿ ಕಳಿಸಿದ್ದರು.

"ನಿಧಾನ, ಹಾಲಪ್ಪಣ್ಣ. ಹೆಂಟೆ ಉರುಳೀತು," ಎಂದು ಕಡೇಪಾಳ್ಯದವನೊಬ್ಬ ಚುಚ್ಚಿದ.

"ಹೆಂಟೆಯ ಶಾಪಕ್ಕೆ ನಮ್ಮೂರ ಕೋಳಿಯೂ ಸತ್ತಿಲ್ಲ, ಬಿಡೋ," ಎಂದು ಹಾಲಪ್ಪ ನಕ್ಕ.

ನೆತ್ತಿ ಹತ್ತಿದವನು ಚಿಲುಮೆಯ ಆಚೆ, ಮೂಡಲ ಬದಿಗೆ ಕಾಲು ತಿರುಗಿಸಿದ. ಸ್ವಾಮಿಗಳು ಎದ್ದು ಬಂದು ಅವನೆದುರು ನಿಂತರು.

"ಭಾರವಾಯಿತೇನಪ್ಪ? ಇತ್ತ ಕೊಡು. ಮುಂದಕ್ಕೆ ನಾನು ಹೊರುತ್ತೇನೆ, ನೀನು ದಾರಿ ತೋರಿಸು," ಎಂದು ತಲೆ ಬಾಗಿಸಿದರು.

ಶಾಪವನ್ನು ನಂಬದ ಹಾಲಪ್ಪ ಹೆಂಟೆಗೆ ಕೈಯೇನೋ ಹಚ್ಚಿದ. ಎದುರಿಗೆ ಆ ಬೋಳು ತಲೆ, ಬಿಸಿಲಿಗೆ ಸುಲಿದ ಚರ್ಮ. ಕೈ ಮೇಲೇಳಲಿಲ್ಲ.

"ಬುದ್ದೀ, ಇದು ತಮ್ಮ ತಲೆಗೆ ಬೇಡಿ."

"ಯಾಕಪ್ಪ?" ಎಂದರು ಸ್ವಾಮಿಗಳು.

ಹಾಲಪ್ಪ ಕಾಲನ್ನು ಹಿಂದಕ್ಕೆ ತೆಗೆದು, ಚಿಲುಮೆಯ ಈಚೆಯಿಂದಲೇ ನಡೆದ. ಹಿಂದೆ ಅವನ ಊರವರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಚಿಲುಮೆ ಕಡೇಪಾಳ್ಯಕ್ಕೇ ಉಳಿಯಿತು. ಹಾಲಪ್ಪ ಹೆಂಟೆ ಇಳಿಸಿ, ಸ್ವಾಮಿಗಳ ಪಾದಕ್ಕೆ ಹಣೆ ಮುಟ್ಟಿಸಿ ಅತ್ತನಂತೆ.

ಸಾಯುವ ತನಕವೂ ಅವನು ದಿನಾ ಬೆಳಿಗ್ಗೆ ಬಿಂದಿಗೆ ಹಿಡಿದು ಬೆಟ್ಟ ಹತ್ತುತ್ತಿದ್ದ. ಕಡೇಪಾಳ್ಯದ ಯಾವ ಹೆಣ್ಣುಮಗಳು ಚಿಲುಮೆಯ ಬಳಿ ಇದ್ದರೂ ಸರಿ, ಅವಳನ್ನು ಕೇಳದೆ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ನನ್ನ ಕಣ್ಣು ಮಂಜಾಗುತ್ತಿದೆ. ಮೊಮ್ಮಗಳೇ ಇಂಚರಾ, ಇಲ್ಲಿ ಬಾ ಮಗೂ, ಅವನು ಕೇಳುತ್ತಿದ್ದ ಮಾತನ್ನು ನೀನೇ ಬರೆ: "ತಾಯೀ, ನಿಮ್ಮ ನೀರು, ಒಂದು ಬಿಂದಿಗೆ ತುಂಬಿಕೊಳ್ಳಲೇ?"