ಗಾಯದ ಅಂಚು ನಡೆಯಲು ಕಲಿತದ್ದು

ಮಣ್ಣಿನ್ನೂ ಆರಿರಲಿಲ್ಲ. ಬೆಟ್ಟಕ್ಕೆ ಬೆರಳು ಒತ್ತಿದರೆ ಗುಳಿ ಬೀಳುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಗೊತ್ತಾಗದೆ ನದಿಗಳು ಅಷ್ಟು ದೂರ ಹೋಗಿ, ತಿರುಗಿ ಬರುತ್ತಿದ್ದವು. ಅಷ್ಟು ಹೊಸ ಜಗತ್ತು ಅದು, ಪುಟ್ಟವ್ವಾ.

ಆಗ ನಾನಿರಲಿಲ್ಲ. ಇದ್ದಿದ್ದರೆ ಕೆಲವು ಬೆಟ್ಟಗಳನ್ನು ಇನ್ನೂ ನೆಟ್ಟಗೆ ನಿಲ್ಲಿಸುತ್ತಿದ್ದೆ. ಈ ಕಥೆ ನನಗೆ ಹೇಳಿದ್ದು ತುಂಗಭದ್ರೆಯ ಒಂದು ಮುದಿ ಮೊಸಳೆ. ಅದರ ಬೆನ್ನ ಮೇಲೆ ಕೂತು ಹೊಳೆ ದಾಟುತ್ತಿದ್ದೆ, ದಾರಿ ಸಾಗಲಿ ಅಂತ ಹೇಳಿತು. ಮೊಸಳೆ ಸುಳ್ಳು ಹೇಳುವುದಿಲ್ಲ. ಅಷ್ಟು ದೊಡ್ಡ ಬಾಯಿ ತೆರೆಯುವುದೇ ಒಂದು ಕೆಲಸ, ಸುಳ್ಳಿಗಾಗಿ ಯಾಕೆ ತೆರೆದೀತು?

ಆ ಕಾಲದಲ್ಲಿ ಗಾಯ ಅನ್ನುವುದೇ ಇರಲಿಲ್ಲ. ಕಲ್ಲು ಬೆಣ್ಣೆಯ ಹಾಗಿತ್ತು. ಮುಳ್ಳು ಹುಲ್ಲಿನ ಹಾಗಿತ್ತು. ಜಾಲಿ ಮರಕ್ಕೆ ಮೈ ಉಜ್ಜಿದರೆ ಕಚಗುಳಿಯಾಗುತ್ತಿತ್ತು, ಅಷ್ಟೇ.

ಕುಳ್ಳಿ ಅನ್ನುವ ಆನೆಮರಿಗೆ ಆ ಕಚಗುಳಿ ಅಂದರೆ ಪ್ರಾಣ. ದಿನಾ ಬೆಳಿಗ್ಗೆ ಅಮ್ಮ ಮಾಳಿಯ ಕಾಲ ಸಂದಿಯಿಂದ ನುಸುಳಿ ಓಡುವಳು, ಜಾಲಿಗೆ ಪಕ್ಕೆ ತಿಕ್ಕುವಳು, ಕಿಲಕಿಲ ನಗುವಳು.

ಒಂದು ದಿನ ಸೂರ್ಯ ಸ್ವಲ್ಪ ಜೋರಾಗಿಯೇ ಉರಿದ. ಹಸಿ ಜಗತ್ತು ಮೊದಲ ಸಲ ಒಣಗಿತು. ಕಲ್ಲು ಗಟ್ಟಿಯಾಯಿತು. ಮುಳ್ಳೂ ಗಟ್ಟಿಯಾಯಿತು. ಇದು ಯಾರಿಗೂ ಗೊತ್ತಿಲ್ಲ! ಕುಳ್ಳಿ ಎಂದಿನಂತೆ ಓಡಿದಳು, ಎಂದಿನಂತೆ ಪಕ್ಕೆ ತಿಕ್ಕಿದಳು.

ಪರ್‍ರ್!

ಕುಳ್ಳಿಯ ಪಕ್ಕೆ ಹರಿಯಿತು. ಅದರೊಳಗಿಂದ ಏನೋ ಇಳಿಯಿತು. ಕೆಂಪಗೆ.

ಕೆಂಪು ಅನ್ನುವುದನ್ನು ಅಷ್ಟು ಹತ್ತಿರದಿಂದ ಯಾರೂ ಕಂಡಿರಲಿಲ್ಲ. ಗಾಳಿ ಬೀಸುವುದನ್ನೇ ಮರೆತು ನಿಂತಿತು. ಹಾರುತ್ತಿದ್ದ ಕಾಗೆ ರೆಕ್ಕೆ ಬಡಿಯಲು ಮರೆತು ದೊಪ್ಪನೆ ಬಿತ್ತು. ನದಿ ದಡ ಹತ್ತಿ ಇಣುಕಿ, "ಅಯ್ಯಯ್ಯೋ! ಇವಳ ಒಳಗೆ ನನ್ನಂಥವಳೇ ಒಬ್ಬಳು ಹರೀತಾಳೆ!" ಅಂದಿತು.

"ನಾನೇನೂ ಮಾಡ್ಲಿಲ್ಲ ಕಣವ್ವಾ!" ಜಾಲಿ ಮರ ನಡುಗಿತು. "ಎದ್ದು ನೋಡ್ತೀನಿ, ಮೈಯೆಲ್ಲ ಹಿಂಗೆ ಸೆಟೆದು ನಿಂತೈತೆ. ನನಗೇ ಭಯ ಆಗ್ತೈತೆ!"

ಮಾಳಿ ಓಡಿ ಬಂದಳು. ನೋಡಿದಳು. ಸೊಂಡಿಲ ತುಂಬ ಕೆಸರು ತೆಗೆದು ಹರಿದ ಜಾಗಕ್ಕೆ ಮೆತ್ತಿದಳು. ಕೆಸರು ಜಾರಿತು. ಮತ್ತೆ ಮೆತ್ತಿದಳು. ಮತ್ತೆ ಜಾರಿತು. ಕೊನೆಗೆ ಕೆಸರು ಮೆತ್ತಿ, ಅದರ ಮೇಲೆ ಸೊಂಡಿಲನ್ನೇ ಒತ್ತಿ ಹಿಡಿದಳು. ಆಗ ಕೆಂಪು ನಿಂತಿತು.

ಸೊಂಡಿಲು ಸಡಿಲಿಸಿದರೆ ಮತ್ತೆ ಇಳಿಯುತ್ತಿತ್ತು.

ಈಗ ಯೋಚನೆ ಮಾಡು ನೀನು. ಆನೆ ತಿನ್ನುವುದು ಯಾವುದರಿಂದ? ಸೊಂಡಿಲಿನಿಂದ. ಕುಡಿಯುವುದು? ಸೊಂಡಿಲಿನಿಂದ. ಆ ಸೊಂಡಿಲು ಮಗಳ ಪಕ್ಕೆಯ ಮೇಲೆ. ಅದನ್ನು ತೆಗೆದರೆ ಮಗಳು ಸೋರಿ ಬರಿದಾಗುತ್ತಾಳೆ. ತೆಗೆಯದಿದ್ದರೆ ಅಮ್ಮ ಉಪವಾಸ ಬಿದ್ದು ಸಾಯುತ್ತಾಳೆ. ಹರಿದದ್ದು ಕೂಡುತ್ತದೆ ಅನ್ನುವುದನ್ನು ಜಗತ್ತು ಇನ್ನೂ ಕಲಿತಿರಲಿಲ್ಲ.

"ಎಷ್ಟು ಹೊತ್ತು ಹಿಂಗೇ ನಿಲ್ತೀಯೇ ಮಾಳಿ?" ಕಾಗೆ ಕೇಳಿತು.

"ಕಾಲು ಇರೋವರೆಗೆ," ಅಂದಳು ಮಾಳಿ.

ಹೊರಗೆ ಹೀಗೆ. ಒಳಗೆ ಇನ್ನೂ ದೊಡ್ಡ ಗಾಬರಿ! ಬಾ, ಒಳಗೆ ಹೋಗೋಣ.

ಚರ್ಮ ಅಂದರೆ ಒಂದೇ ಬಟ್ಟೆ ಅಂದುಕೊಂಡಿದ್ದೀಯಾ? ಅಲ್ಲ. ಅದು ಡೇರೆಗಳ ಊರು. ಒಂದಕ್ಕೊಂದು ಅಂಟಿಕೊಂಡ ಡೇರೆಗಳು, ಹೊಳೆಯ ಮರಳಿಗಿಂತ ಹೆಚ್ಚು, ಮರಳ ಕಣಕ್ಕಿಂತ ಚಿಕ್ಕವು. ಓದಿದವರು ಜೀವಕೋಶ ಅನ್ನುತ್ತಾರೆ. ಅನ್ನಲಿ. ನಾಟಕ ಕಂಪನಿಗೆ ಆಯುಷ್ಯವೆಲ್ಲ ಡೇರೆ ಹಾಕಿದವನು ನಾನು, ಡೇರೆ ಕಂಡರೆ ಡೇರೆ ಅಂತಲೇ ಹೇಳುತ್ತೇನೆ. ಒಳಗೆ ಎತ್ತಿ ಹಿಡಿಯುವ ಬಿದಿರ ಗಳ ಇದೆ, ಹಗ್ಗ ಇದೆ, ಮೇಲೆ ತೆಳ್ಳನೆ ಹೊದಿಕೆ ಇದೆ. ಇನ್ನೇನು ಬೇಕು ಡೇರೆಗೆ?

ಪ್ರತಿ ಡೇರೆಯಲ್ಲೂ ಇಬ್ಬರು. ಬಾಗಿಲಲ್ಲಿ ಬಾಗಿಲವ್ವ. ಹೊರಗೆ ಹರಿಯುವ ನೀರನ್ನು ಬೆರಳಲ್ಲಿ ಮುಟ್ಟಿ, ರುಚಿ ನೋಡುತ್ತಾ ಕೂರುವವಳು. ಒಳಗೆ ಗಳಪ್ಪ. ಗಳ ನೆಟ್ಟು, ಹಗ್ಗ ಬಿಗಿದು, ಡೇರೆ ಬೀಳದಂತೆ ನೋಡುವವನು. ಇಬ್ಬರ ನಡುವೆ ಮಾತುಕತೆ ಕಡಿಮೆ. ಅವಳು ಹೊರಗೆ ನೋಡುತ್ತಿದ್ದಳು, ಅವನು ಒಳಗೆ ನೋಡುತ್ತಿದ್ದ. ಮಾತು ಬೇಕಾಗಿಯೂ ಇರಲಿಲ್ಲ ಬಿಡು.

ಕುಳ್ಳಿಯ ಪಕ್ಕೆ ಹರಿದಾಗ, ಹರಿದ ಅಂಚಿನಲ್ಲೇ ಒಂದು ಡೇರೆ ಇತ್ತು. ಅದರ ಬಾಗಿಲವ್ವ ಎಂದಿನಂತೆ ಪಕ್ಕದ ಮನೆಯ ಕಡೆ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ.

"ಗಳಪ್ಪಾ! ಪಕ್ಕದ ಮನೆ ಇಲ್ಲ!"

"ಇರ್ತೈತೆ ನೋಡು. ಮನೆ ಎಲ್ಲಿಗೆ ಹೋದೀತು?"

"ಮನೆ ಇಲ್ಲ, ಅದರಾಚೆ ಮನೇನೂ ಇಲ್ಲ! ಬರೀ ಬಯಲು! ಅಲ್ಲೇನೋ ನೀಲಿ ಐತೆ!"

"ನೀಲಿ ಅಂದ್ರೆ?"

"ನನಗೇನು ಗೊತ್ತು ನೀಲಿ ಅಂದ್ರೆ! ಮೇಲಕ್ಕೆ ಹೋಗ್ತಾನೇ ಐತೆ, ಮುಗೀತಾನೇ ಇಲ್ಲ!"

ಅದು ಆಕಾಶ, ಪುಟ್ಟವ್ವಾ. ಒಳಗೆ ಹುಟ್ಟಿ ಒಳಗೇ ಬಾಳಿದವಳಿಗೆ ಆಕಾಶ ಕಂಡರೆ ಹೇಗಾಗಬೇಡ? ಬಾಗಿಲವ್ವ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡಳು. ಮರುಗಳಿಗೆಯಲ್ಲಿ ಮಾಳಿಯ ಕೆಸರು ಬಂದು ಬಿತ್ತು, ನೀಲಿ ಮುಚ್ಚಿತು, ಕತ್ತಲಾಯಿತು.

ಆ ಕತ್ತಲಲ್ಲಿ ಅವಳ ಬೆರಳಿಗೆ ಒಂದು ರುಚಿ ತಾಕಿತು. ಹರಿದುಹೋದ ಡೇರೆಗಳಿಂದ ಸೋರಿದ ರುಚಿ. ಬಯಲಿನ ಕಡೆ ಬೆರಳು ಚಾಚಿದರೆ ಗಾಢ, ಹಿಂದಕ್ಕೆ ಎಳೆದರೆ ತೆಳು. ಬಾಯಿಲ್ಲದ ರುಚಿ ಅದು. ಆದರೂ ಬಾಗಿಲವ್ವನಿಗೆ ಚೆನ್ನಾಗಿ ಅರ್ಥವಾಯಿತು: ಬನ್ನಿ, ಈ ಕಡೆ ಬನ್ನಿ, ಇಲ್ಲಿ ಯಾರೂ ಉಳಿದಿಲ್ಲ.

"ಗಳಪ್ಪಾ, ನಮ್ಮನ್ನ ಕರೀತಾವ್ರೆ. ಡೇರೆ ಎತ್ತು."

ಗಳಪ್ಪ ನಕ್ಕುಬಿಟ್ಟ. "ತಲೆ ಕೆಟ್ಟೈತಾ ನಿನಗೆ? ಒಳಗೆ ಜನ ಇರೋವಾಗ ಗಳ ಕಿತ್ತವರುಂಟಾ? ಗಳ ಕಿತ್ತರೆ ಡೇರೆ ಕುಸೀತೈತೆ. ಡೇರೆ ಕುಸಿದ್ರೆ ನೀನೂ ಇಲ್ಲ, ನಾನೂ ಇಲ್ಲ."

"ಹೊರಗೆ ಕೆಂಪು ಹೊಳೆ ಇಳಿದುಹೋಗ್ತೈತೆ. ಅದು ಹೋದ್ರೆ ಎಲ್ಲಾ ಡೇರೇನೂ ಇಲ್ಲ!"

"ಹೊರಗಿನ ಸುದ್ದಿ ನನಗೆ ಹೇಳಬ್ಯಾಡ. ನಿನ್ನ ಬಾಗಿಲು ನೀನು ನೋಡ್ಕೋ, ನನ್ನ ಗಳ ನಾನು ನೋಡ್ಕೋತೀನಿ."

ಇದೇ ನೋಡು ಆ ಕಾಲದ ತಪ್ಪು! ಕೇಳಿಸಿಕೊಳ್ಳುವವಳಿಗೆ ಗಳ ಎತ್ತುವ ಶಕ್ತಿ ಇಲ್ಲ. ಗಳ ಎತ್ತುವವನಿಗೆ ಕೇಳುವ ಕಿವಿ ಇಲ್ಲ.

ಹೊರಗೆ ಮಾಳಿಯ ಕಾಲು ನಡುಗತೊಡಗಿತ್ತು. ಗಾಳಿ ಹುಲ್ಲು ತಂದು ಬಾಯಿಗಿಡಲು ನೋಡಿತು. ಗಾಳಿ ಹಿಡಿದ ಹುಲ್ಲು ನಿಲ್ಲುತ್ತದಾ? ಹಾರಿಹೋಯಿತು. ಕಾಗೆ ಕೊಕ್ಕಲ್ಲಿ ಒಂದು ಹನಿ ನೀರು ತಂದಿತು. ಆನೆಯ ಬಾಯಿಗೆ ಕಾಗೆಯ ಹನಿ! ಮಾಳಿ ತೂಗಾಡಿದಳು, ಸೊಂಡಿಲು ಜಾರಿತು, ಕೆಸರು ಬಿರುಕುಬಿಟ್ಟಿತು. ಕೆಂಪು ಮತ್ತೆ ಇಳಿಯಿತು. ಕುಳ್ಳಿ ಮಂಡಿಯೂರಿ ಕುಸಿದಳು. ಮಾಳಿ ಬೆಚ್ಚಿ ಮತ್ತೆ ಒತ್ತಿದಳು.

ಆ ಕುಸಿತ ಒಳಗೆ ಭೂಕಂಪದಂತೆ ಬಡಿಯಿತು. ಗಳಪ್ಪ ಉರುಳಿಬಿದ್ದ. ಅವನ ಒಂದು ಹಗ್ಗ ಬಿಚ್ಚಿ ಬಾಗಿಲಿಗೆ ಹಾರಿತು.

ಬಾಗಿಲವ್ವ ಅದನ್ನು ಬಿಡಲಿಲ್ಲ. ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದಳು.

"ಏಯ್! ನನ್ನ ಹಗ್ಗ!"

"ಈಗ ನನ್ನದು. ನಿನಗೆ ಮಾತು ಕೇಳ್ಸಲ್ಲ ಅಲ್ವಾ? ಎಳೆತ ಆದ್ರೂ ಕೇಳ್ತೈತಾ ನೋಡು."

ಎಳೆದಳು ನೋಡು! ಹೊರಗಿನ ರುಚಿ ಅವಳ ಬೆರಳು ನಡುಗಿಸಿತು. ಬೆರಳು ಹಗ್ಗ ನಡುಗಿಸಿತು. ಹಗ್ಗ ಗಳಪ್ಪನ ಅಂಗೈ ನಡುಗಿಸಿತು. ರುಚಿ ಬಾಗಿಲು ದಾಟಲಿಲ್ಲ, ಅದರ ನಡುಕ ಮಾತ್ರ ಒಳಗೆ ಬಂತು. ಹೊರಗೆ ಎಷ್ಟು ದೊಡ್ಡ ಕೇಡಾಗಿದೆ ಎಂದು ಆ ಮೊಂಡನ ಅಂಗೈಗೆ ಮೊದಲ ಸಲ ತಿಳಿಯಿತು.

"ಅವ್ವಾ ನಮ್ಮವ್ವಾ," ಅಂದ. "ಇಷ್ಟೊಂದಾ?"

"ಹಿಂದಿನದು ಕೀಳು. ಮುಂದೆ ನೆಡು."

ಗಳಪ್ಪ ಕಣ್ಣು ಮುಚ್ಚಿಕೊಂಡ. ಹಿಂಬದಿಯ ಒಂದು ಗಳ ಕಿತ್ತ. ಸತ್ತೆ ಅಂದುಕೊಂಡ. ಸಾಯಲಿಲ್ಲ! ಡೇರೆ ಹಿಂದೆ ಸ್ವಲ್ಪ ಜೋತುಬಿತ್ತು, ಅಷ್ಟೇ. ಅದೇ ಗಳವನ್ನು ಮುಂದೆ ನೆಟ್ಟ. ಡೇರೆಯ ಮುಂಭಾಗ ನಾಲಿಗೆಯ ಹಾಗೆ ಉಬ್ಬಿ, ಬಯಲಿಗೆ ಚಾಚಿತು. ಇನ್ನೊಂದು ಕಿತ್ತ, ಇನ್ನೊಂದು ನೆಟ್ಟ.

"ಬಾಗಿಲವ್ವಾ! ಡೇರೆ ನಡೀತೈತೆ!"

ನಗಬೇಡ. ಡೇರೆ ನಡೆಯುತ್ತದೆ. ನಾನೇ ಒಮ್ಮೆ ನಡೆಸಿದ್ದೇನೆ, ಜನ ಒಳಗೆ ನಾಟಕ ನೋಡುತ್ತಿರುವಾಗಲೇ. ಹಿಂದಿನ ಗಳ ಕೀಳುವುದು, ಮುಂದೆ ನೆಡುವುದು. ಒಬ್ಬರಿಗೂ ಗೊತ್ತಾಗಲಿಲ್ಲ. ಆಟ ಮುಗಿದು ಹೊರಗೆ ಬಂದು ನೋಡಿದರೆ ಎಲ್ಲರೂ ಪಕ್ಕದ ಊರಿನಲ್ಲಿದ್ದರು! ನಡೆದು ವಾಪಸ್ ಹೋಗುವಾಗ ನನ್ನನ್ನು ಬೈದರು, ಆದರೆ ಆ ಕೈಚಳಕ ಹೊಗಳಿಕೊಂಡೇ ಬೈದರು.

ಹಿಂದಿನ ಮನೆಯವರು ಬಾಯಿಗೆ ಕೈ ಇಟ್ಟುಕೊಂಡರು. "ನಾಚಿಕೆ ಆಗಲ್ವಾ? ಮನೆ ಹೊತ್ಕೊಂಡು ಓಡ್ತಾರಾ ಯಾರಾದ್ರೂ?" ಅಂದಳು ಅಲ್ಲಿನ ಬಾಗಿಲವ್ವ.

"ಬಾಯಿ ಮುಚ್ಚಿ ನಿನ್ನ ಗಳಪ್ಪನ ಹಗ್ಗ ಕಟ್ಕೋ," ಅಂದಳು ಇವಳು. "ನನ್ನ ಸೆರಗು ಮಾತ್ರ ಬಿಡಬ್ಯಾಡ!"

ಅವರೂ ಕಟ್ಟಿಕೊಂಡರು. ಅವರ ಹಿಂದಿನವರೂ ಕಟ್ಟಿಕೊಂಡರು. ಅಂಚಿನ ಊರಿಗೆ ಊರೇ, ಒಬ್ಬರ ಸೆರಗು ಒಬ್ಬರು ಹಿಡಿದು, ಕತ್ತಲಲ್ಲಿ ಕೆಸರಿನ ಅಡಿಯಲ್ಲಿ ತೆವಳಿತು. ಕೀಳು, ನೆಡು. ಕೀಳು, ನೆಡು. ಎಷ್ಟು ಹಗಲು ಕಳೆಯಿತೋ. ಹಗಲಿಗೆ ಆಗ ಹೆಸರೇ ಇರಲಿಲ್ಲ, ಲೆಕ್ಕ ಇಡುವವರು ಯಾರು?

ಹೊರಗೆ ಮಾಳಿಯ ಕಣ್ಣು ಮಂಜಾಯಿತು. ಹಿಂಗಾಲು ಮಡಚಿಕೊಂಡಿತು. "ನನ್ನ ಕೂಸೇ, ಇನ್ನಾಗಲ್ಲ ನನ್ನ ಕೈಲಿ," ಅಂದಳು. ಸೊಂಡಿಲು ಸಡಿಲಾಗುತ್ತಾ ಬಂತು.

ಒಳಗೆ ಬಾಗಿಲವ್ವ ಕತ್ತಲಿಗೆ ಕೈ ಚಾಚಿದಳು. ಬಯಲಿನಲ್ಲಿ ಯಾರದ್ದೋ ಕೈ ಅವಳ ಕೈಗೆ ತಗುಲಿತು!

ಅವಳು ಚೀರಿದಳು. ಆ ಕೈಯೂ ಚೀರಿತು.

"ಯಾರು?"

"ನೀನ್ಯಾರು? ನಾನು ಆಚೆ ದಡದವಳು!"

ಆಚೆ ದಡದಲ್ಲೂ ರುಚಿ ಸೋರಿತ್ತು, ಪುಟ್ಟವ್ವಾ. ಅಲ್ಲೂ ಯಾವಳೋ ಗಟ್ಟಿಗಿತ್ತಿ ಹಗ್ಗ ಕಸಿದುಕೊಂಡಿದ್ದಳು. ಇಬ್ಬರೂ ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದರು.

"ಗಳಪ್ಪಾ, ನಿಲ್ಸು!" ಹಗ್ಗ ಜಗ್ಗಿದಳು. "ಪಕ್ಕದ ಮನೆ ಸಿಕ್ತು. ಇನ್ನು ಒಂದು ಗಳಾನೂ ಮುಂದಕ್ಕೆ ಇಡಬ್ಯಾಡ!"

ಡೇರೆಗಳು ನಿಂತವು. ಎಡಕ್ಕೂ ಬಲಕ್ಕೂ ಕೈಗೆ ಕೈ ಸೇರುತ್ತಾ ಹೋಯಿತು.

ಅಷ್ಟರಲ್ಲಿ ಮಾಳಿಯ ಸೊಂಡಿಲು ಪೂರ್ತಿ ಜಾರಿ ನೆಲಕ್ಕೆ ಬಿತ್ತು. ಕೆಸರೂ ಉದುರಿತು. ಗಾಳಿ ಮುಖ ಮುಚ್ಚಿಕೊಂಡಿತು. ಜಾಲಿ ಮರ ಅತ್ತ ತಿರುಗಿತು. ಕಾಗೆ ಮಾತ್ರ ಒಂದು ಕಣ್ಣು ತೆರೆದು ನೋಡಿತು.

ಕೆಂಪಿಲ್ಲ.

"ಮಾಳೀ! ಏಳೇ! ಸೋರ್ತಾ ಇಲ್ಲ!" ಕಾಗೆ ಕಿರುಚಿದ ರಭಸಕ್ಕೆ ಅದರ ಗಂಟಲು ಒಡೆಯಿತು.

ಕುಳ್ಳಿ ಎದ್ದಳು. ತನ್ನ ಪಕ್ಕೆ ತಾನೇ ಮೂಸಿದಳು. ಹೊಳೆಗೆ ಹೋಗಿ ಪುಟ್ಟ ಸೊಂಡಿಲ ತುಂಬ ನೀರು ತಂದು ಅಮ್ಮನ ಬಾಯಿಗೆ ಬಿಟ್ಟಳು. ಮತ್ತೆ ಹೋದಳು, ಮತ್ತೆ ತಂದಳು. ಅಮ್ಮನ ಕಿವಿ ಅಲುಗಾಡುವವರೆಗೂ ತಂದಳು.

ಒಳಗೆ ಗಳಪ್ಪ ಬೆವರು ಒರೆಸಿಕೊಂಡ. "ಆಯ್ತಲ್ಲ ಕೆಲಸ. ನನ್ನ ಹಗ್ಗ ಬಿಚ್ಚಿಕೊಡು."

"ಕೊಡಲ್ಲ," ಅಂದಳು ಬಾಗಿಲವ್ವ. "ಮುಳ್ಳು ಮೆತ್ತಗಾಯ್ತಾ? ಇಲ್ವಲ್ಲ."

ಗಳಪ್ಪ ಸ್ವಲ್ಪ ಹೊತ್ತು ಗೊಣಗಿದ. ಆಮೇಲೆ ಹಗ್ಗದ ಈಚೆ ತುದಿಯನ್ನು ತನ್ನ ಮಣಿಕಟ್ಟಿಗೂ ಕಟ್ಟಿಕೊಂಡ.

ಆ ಹಗ್ಗವನ್ನು ಅವರು ಈವರೆಗೂ ಬಿಚ್ಚಿಲ್ಲ. ಅದಕ್ಕೇ ಪುಟ್ಟವ್ವಾ, ನೀನು ಬಿದ್ದು ಮಂಡಿ ತರಚಿಕೊಂಡಾಗ ಗಾಯ ಅಂಚಿನಿಂದ ಒಳಕ್ಕೆ ದಿನದಿನಕ್ಕೂ ಚಿಕ್ಕದಾಗುತ್ತಾ ಬರುತ್ತದೆ, ಎಲ್ಲ ಮುಗಿದ ಮೇಲೂ ಅಲ್ಲೊಂದು ಸಣ್ಣ ಬಿಳಿ ಗೆರೆ ಉಳಿಯುತ್ತದೆ. ಅದು ಈ ದಡದವಳೂ ಆ ದಡದವಳೂ ಕತ್ತಲಲ್ಲಿ ಬೆಚ್ಚಿಬಿದ್ದು ಹಿಡಿದುಕೊಂಡ ಕೈ, ಇನ್ನೂ ಬಿಟ್ಟಿಲ್ಲ.