ಉಸಿರು ಬಿಡುವ ಪೈಪು

ಹುಬ್ಬಳ್ಳಿಯಲ್ಲಿ ಚಿದಾನಂದ ಹಂಪಿಹೊಳಿ ಎಂಬವನಿದ್ದ. ಪ್ಲಾಸ್ಟಿಕ್ ಪೈಪು ಮಾಡುವುದು ಅವನ ಕಸುಬು. ಅವನೂ ಅವನ ಅಣ್ಣ ಪ್ರಭುಲಿಂಗನೂ ಸೇರಿ ಸಣ್ಣದೊಂದು ಕಾರ್ಖಾನೆ ನಡೆಸುತ್ತಿದ್ದರು. ಪೈಪಿನ ಕೆಲಸ ತಮ್ಮನದು, ವ್ಯವಹಾರ ಅಣ್ಣನದು.

ಗಾಡಿಯ ಎಂಜಿನ್ ಕಾದು ಕೆಡದಂತೆ ಅದರೊಳಗೆ ಕೂಲಂಟ್ ಎಂಬ ದ್ರವ ಸುತ್ತುತ್ತಿರುತ್ತದೆ. ಅದು ಹರಿಯುವ ಪೈಪನ್ನು ಚಿದಾನಂದ ಮೂರು ಪದರದಲ್ಲಿ ಮಾಡುತ್ತಿದ್ದ. ಒಳಪದರ ಕೂಲಂಟಿಗೆ ಕರಗುವುದಿಲ್ಲ. ಹೊರಪದರ ಬಿಸಿಗೂ ಏಟಿಗೂ ಜಗ್ಗುವುದಿಲ್ಲ. ಆದರೆ ಇವೆರಡು ಒಂದಕ್ಕೊಂದು ಹತ್ತಿಕೊಳ್ಳುವ ಜಾತಿಯವಲ್ಲ. ಅದಕ್ಕೇ ನಡುವೆ ಒಂದು ಅಂಟಿನ ಪದರ. ಒಳ್ಳೆಯ ಪೈಪು ಅದು, ವರ್ಷಗಟ್ಟಲೆ ಬಾಳುತ್ತಿತ್ತು.

ಈ ಪೈಪಿಗೆ ಪೇಟೆಂಟ್ ಪಡೆಯಬೇಕೆಂದು ಅವನಿಗೆ ಆಸೆಯಾಯಿತು. ಪೇಟೆಂಟ್ ಸಿಕ್ಕರೆ ಅವನ ಅಪ್ಪಣೆಯಿಲ್ಲದೆ ಇನ್ನೊಬ್ಬರು ಅದನ್ನು ಮಾಡುವಂತಿಲ್ಲ. ಪೇಟೆಂಟ್ ಅರ್ಜಿ ಬರೆದುಕೊಡುವ ವೈಜಯಂತಿ ಜಾಲಿಹಾಳ ಅವರ ಹತ್ತಿರ ಹೋದ. ಅವರು ಪೈಪಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು.

"ಪೈಪು ಛಲೋ ಐತ್ರಿ. ಆದ್ರ ಪೇಟೆಂಟ್ ಸಿಗೂದಿಲ್ಲ," ಎಂದರು. "ಈ ಮೂರೂ ಪದರ ಮೊದಲಿಂದ ಎಲ್ಲಾರಿಗೂ ಗೊತ್ತಿದ್ದುವ. ಈ ಕಸುಬು ಬಲ್ಲವ್ರು ಯಾರಾದ್ರೂ ಹಿಂಗ ಜೋಡಿಸಬಹುದು. ಮ್ಯಾಲಾಗಿ ನೀವು ಆಗಲೇ ಮಾರಾಕತ್ತೀರಿ. ಇದರಾಗ ಹೊಸಾದು ಏನೈತಿ?"

ಆ ಮಾತು ಚಿದಾನಂದನಿಗೆ ಮುಳ್ಳಿನಂತೆ ನೆಟ್ಟಿತು. ಊಟ ಮಾಡುವಾಗಲೂ ಅದೇ, ಸ್ನಾನ ಮಾಡುವಾಗಲೂ ಅದೇ. ಹೊಸದು ಏನಿದೆ?

ಕೊನೆಗೆ ಅವನು ನಡುವಿನ ಅಂಟಿನ ಪದರವನ್ನೇ ತೆಗೆದುಹಾಕಿದ. ಬದಲಿಗೆ ಒಳಪದರದಲ್ಲಿ ಒಂದು ಪುಡಿ ಬೆರೆಸಿ, ಎರಡು ಪದರಗಳೂ ತಾವಾಗಿಯೇ ಹತ್ತಿಕೊಳ್ಳುವಂತೆ ಮಾಡಿದ. ಕುದಿಯುವ ಕೂಲಂಟ್ ಹರಿಸಿ ನೋಡಿದ. ಪೈಪು ನಿಂತಿತು. ಆದರೆ ಗಾಡಿಯ ಪೈಪು ಬರೀ ಕಾಯುವುದಿಲ್ಲ, ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಹಾಗೆ ತಿಂಗಳುಗಟ್ಟಲೆ ಮಾಡಿ ನೋಡಬೇಕಿತ್ತು. ಅಷ್ಟು ತಾಳ್ಮೆ ಅವನಿಗಿರಲಿಲ್ಲ.

ವೈಜಯಂತಿಯವರು ಈ ಸಲ ಹುಬ್ಬೇರಿಸಿದರು. "ಇದು ಹೊಸಾದು ಹೌದು. ಆದ್ರ ಒಂದ್ ಮಾತು ಕೇಳ್ತೀನಿ. ಇಷ್ಟು ದಿನ ಇದನ್ನ ಯಾರೂ ಯಾಕ ಮಾಡಿಲ್ಲ? ಯಾರಿಗೂ ಹೊಳೀಲಿಲ್ಲ ಅಂತನೋ, ಹೊಳದವ್ರೂ ಮಾಡಿ ನೋಡಿ ಕೈಬಿಟ್ರಂತನೋ?"

"ಹೊಳದಿಲ್ರಿ ಮೇಡಮ್," ಎಂದ ಚಿದಾನಂದ.

ಅರ್ಜಿ ಹೋಯಿತು. ಅದರ ಹಿಂದೆಯೇ ಊರಿನ ಒಂದು ಆಸ್ಪತ್ರೆಯ ಆಂಬುಲೆನ್ಸುಗಳಿಗೆಲ್ಲ ಅವನು ಹೊಸ ಪೈಪು ಹಾಕಿಸಿದ.

ಬೇಸಿಗೆ ಬಂತು. ಆಂಬುಲೆನ್ಸ್ ಚಾಲಕ ದಸ್ತಗೀರ ನದಾಫ ಒಂದು ದಿನ ಕಾರ್ಖಾನೆಗೆ ಬಂದ. ಗಟ್ಟಿ ಆಳು, ಎಷ್ಟೋ ಹೆಣ ಹೊತ್ತವನು. ಅವತ್ತು ಅವನ ಮುಖ ಸಣ್ಣದಾಗಿತ್ತು.

"ಸಾಹೇಬ್ರ, ಗಾಡಿ ಬಂದ್ ಮಾಡಿದ ಮ್ಯಾಲೆ ಒಳಗ ಯಾರೋ ಉಸಿರು ಬಿಡ್ತಾರ್ರಿ."

"ಯಾರು?"

"ಯಾರಂತ ಹೇಳ್ಲಿ? ಆ ಗಾಡ್ಯಾಗ ಸತ್ತವ್ರು ಒಬ್ರಾ ಇಬ್ರಾ? ನರ್ಸಮ್ಮ ಒಳಗ ಕೂಡಾಕ ಒಲ್ಲೆ ಅಂತಾಳ. ನೀವು ಗಾಡಿ ಕೆಲಸ ಬಲ್ಲವ್ರು, ಒಮ್ಮೆ ಬಂದು ಕೇಳ್ರಿ."

ಚಿದಾನಂದ ಹೋದ. ಮಟಮಟ ಮಧ್ಯಾಹ್ನ. ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಆಂಬುಲೆನ್ಸ್ ನಿಂತಿತ್ತು. ಸುತ್ತ ಒಂದು ನಾಯಿಯೂ ಇರಲಿಲ್ಲ. ಕನ್ನಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಪಕ್ಕದಲ್ಲೇ ದರ್ಗಾದಿಂದ ತಂದ ತಾಯಿತ ಜೋತಾಡುತ್ತಿತ್ತು. ದಸ್ತಗೀರ ಎಂಜಿನ್ ಆರಿಸಿದ. ಇಬ್ಬರೂ ಸುಮ್ಮನೆ ಕೂತರು.

ಮೊದಲು ಏನೂ ಇರಲಿಲ್ಲ. ಕಬ್ಬಿಣ ಆರುವ ಟಿಕ್ ಟಿಕ್ ಸದ್ದು ಮಾತ್ರ. ಆಮೇಲೆ ಶುರುವಾಯಿತು.

ಹಾಸಿಗೆ ಹಿಡಿದವರು ಕಷ್ಟಪಟ್ಟು ಎಳೆದುಕೊಳ್ಳುವಂಥ ಉದ್ದನೆಯ ಉಸಿರು. ನಡುವೆ ನಿಂತಿತು. ಇನ್ನು ಬರುವುದಿಲ್ಲವೇನೋ ಎನ್ನುವಷ್ಟು ಹೊತ್ತು ನಿಂತು, ಆಮೇಲೆ ಮೆಲ್ಲಗೆ ಹೊರಬಂತು. ಮತ್ತೆ ಒಳಗೆಳೆಯಿತು. ಹಿಂದಿನ ಸ್ಟ್ರೆಚರಿನ ಮೇಲೆ ಯಾರೂ ಇರಲಿಲ್ಲ. ಆದರೂ ಚಿದಾನಂದ ತಿರುಗಿ ನೋಡಿದ.

ಇಳಿದು ಬಾನೆಟ್ ಎತ್ತಿ, ತಾನು ಮಾಡಿದ ಪೈಪಿನ ಮೇಲೆ ಬಟ್ಟೆ ಸುತ್ತಿದ ಕೈ ಇಟ್ಟ. ಹೊರಗೆ ಪೈಪು ಅಲುಗಲಿಲ್ಲ. ಆದರೆ ಅದರೊಳಗೆ ಏನೋ ಕುಗ್ಗುತ್ತಿತ್ತು, ಹಿಗ್ಗುತ್ತಿತ್ತು. ಅಂಗೈಗೆ ಅದು ತಿಳಿಯುತ್ತಿತ್ತು.

ಅವನಿಗೆ ಅರ್ಥವಾಯಿತು. ಒಳಪದರ ಕಿತ್ತುಬಂದಿತ್ತು. ಎಂಜಿನ್ ಆರುವಾಗ ಅದು ಒಳಕ್ಕೆ ಸೆಳೆದುಕೊಂಡು ಮತ್ತೆ ಹಿಂದಕ್ಕೆ ಸರಿಯುತ್ತಿತ್ತು. ಅದೇ ಆ ಉಸಿರು.

"ದೆವ್ವಾನ ಹೌದಲ್ರಿ?" ಎಂದು ದಸ್ತಗೀರ ಪಿಸುಗುಟ್ಟಿದ.

ಚಿದಾನಂದ ಬಾನೆಟ್ ಮುಚ್ಚಿದ. "ಗೊತ್ತಾಗ್ಲಿಲ್ಲಪ್ಪ," ಎಂದ.

ಕಾರ್ಖಾನೆಗೆ ಬಂದು ಅಣ್ಣನಿಗೆ ಎಲ್ಲ ಹೇಳಿದ. ಪ್ರಭುಲಿಂಗ ಎದ್ದು ಬಾಗಿಲು ಹಾಕಿಕೊಂಡ. "ಸೋಮವಾರ ಪೇಟೆಂಟ್ ಕಚೇರ್ಯಾಗ ನಮ್ಮ ಅರ್ಜಿ ವಿಚಾರಣೆ ಐತಿ. ಅಲ್ಲೀತನ ಬಾಯಿ ಬಿಡಬ್ಯಾಡ. ಜನಾ ದೆವ್ವ ಅಂತಾರಲ್ಲ? ಅನ್ಲಿ ಬಿಡು. ದೆವ್ವ ಏನ್ ಬಂದು ಇಲ್ಲಾ ಅಂತೈತೇನು? ಆಮ್ಯಾಲೆ ಸುಮ್ಕ ಪೈಪು ಬದಲಿ ಮಾಡಿದ್ರಾತು."

ಚಿದಾನಂದ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ಎಲ್ಲಿ ಹೋದರೂ ಅದೇ ಕೇಳಿಸತೊಡಗಿತು. ಹೆಂಡತಿ ಸೀರೆ ಮಡಚಿದರೆ ಉಸಿರು. ಬಾಗಿಲ ಪರದೆ ಅಲುಗಿದರೆ ಉಸಿರು. ಮಗಳು ಮಲಗಿದ್ದಾಗ ಅವಳ ಮೂಗಿನ ಹತ್ತಿರ ಕಿವಿಯಿಟ್ಟು ಕೇಳುತ್ತಿದ್ದ.

ಶನಿವಾರ ಮಧ್ಯಾಹ್ನ ದಸ್ತಗೀರನ ಫೋನು ಬಂತು. ದನಿ ತುಂಬ ಸಂತೋಷ.

"ಸಾಹೇಬ್ರ, ಹೋತ್ರಿ ಅದು! ಅಣ್ಣಿಗೇರಿಯಿಂದ ಪೇಷಂಟ್ ತರಾಕತ್ತೀನಿ, ರೈಲ್ವೆ ಗೇಟ್ ಹಾಕ್ಯಾರ. ಗಾಡಿ ಬಂದ್ ಮಾಡಿ ಕುಂತೀನಿ. ಒಂದೀಟೂ ಸಪ್ಪಳಿಲ್ಲ. ಉಸಿರು ನಿಂತೈತಿ. ತಾಯಿತ ಕೆಲಸ ಮಾಡ್ತು ನೋಡ್ರಿ!"

ಚಿದಾನಂದನಿಗೆ ಥಟ್ಟನೆ ಹೊಳೆಯಿತು. ಉಸಿರಾಡುವಷ್ಟು ದಿನ ಆ ಪೈಪಿನಲ್ಲಿ ಕೂಲಂಟಿಗೆ ದಾರಿ ಇತ್ತು. ಈಗ ಒಳಪದರ ಪೂರ್ತಿ ಮುದುಡಿ ದಾರಿ ಮುಚ್ಚಿಕೊಂಡಿರಬೇಕು.

"ದಸ್ತಗೀರ, ಬಿಸಿ ತೋರ್ಸೂ ಮುಳ್ಳು ಎಲ್ಲೈತಿ?"

"ಬರೂವಾಗ ಮ್ಯಾಲೇ ಇತ್ರಿ, ಕೆಂಪಿನ ಹತ್ರ. ಬಿಸಲಲ್ರಿ."

"ಪೇಷಂಟ್ ಯಾರು?"

"ಬಸುರಿ ಹೆಣ್ಮಗಳ್ರಿ. ಭಾಳ ರಕ್ತ ಹೊಂಟೈತಿ. ಗೇಟ್ ತೆಗದ್ರ ಹಾರಸ್ಕೊಂಡು ಬರ್ತೀನಿ."

ಪ್ರಭುಲಿಂಗ ಎದುರಿಗೇ ಕೂತಿದ್ದ. ಕೈ ಚಾಚಿ ತಮ್ಮನ ಮಣಿಕಟ್ಟು ಹಿಡಿದ. ಬೇಡ ಎಂದು ತಲೆ ಅಲ್ಲಾಡಿಸಿದ.

ಚಿದಾನಂದ ಕೈ ಕೊಸರಿಕೊಂಡ. "ಗಾಡಿ ಚಾಲೂ ಮಾಡಬ್ಯಾಡ," ಎಂದ. "ಎಂಜಿನ್ ನಡುದಾರ್ಯಾಗ ಹಿಡದು ನಿಂದರತೈತಿ. ಅದು ದೆವ್ವ ಅಲ್ಲೋ ದಸ್ತಗೀರ. ನಾ ಮಾಡಿದ ಪೈಪು ಒಳಗ ಹರದೈತಿ. ನನಗ ಮೊದಲ ಗೊತ್ತಿತ್ತು."

ಆ ಕಡೆ ಬಾಗಿಲು ತೆರೆದ ಸದ್ದು ಕೇಳಿತು. ದಸ್ತಗೀರ ಯಾರನ್ನೋ ಕೂಗುತ್ತಿದ್ದ. ಗೇಟಿನ ಹತ್ತಿರ ಮದುವೆಗೆ ಹೊರಟವರ ಒಂದು ಟೆಂಪೋ ನಿಂತಿತ್ತು. ವಿಷಯ ಕೇಳಿದ್ದೇ ತಡ, ಹೆಂಗಸರು ರೇಷ್ಮೆ ಸೀರೆಯಲ್ಲೇ ದೂಳಿಗಿಳಿದರು. ಬಸುರಿಯನ್ನು ಸ್ಟ್ರೆಚರ್ ಸಮೇತ ಸೀಟಿನ ಮೇಲೆ ಮಲಗಿಸಿದರು. ಗೇಟು ತೆರೆಯಿತು, ಟೆಂಪೋ ಹೊರಟಿತು.

ಅವಳು ಆಸ್ಪತ್ರೆ ಮುಟ್ಟಿದಾಗ ಕೈಕಾಲು ತಣ್ಣಗಾಗಿದ್ದವು. ಇನ್ನು ಸ್ವಲ್ಪ ತಡವಾಗಿದ್ದರೂ ಆಗುತ್ತಿರಲಿಲ್ಲ ಎಂದರು ಡಾಕ್ಟರು. ತಾಯಿ ಉಳಿದಳು. ಗಂಡುಮಗು, ಅದೂ ಉಳಿಯಿತು.

ಚಿದಾನಂದ ಅಂದೇ ಉಳಿದ ಆಂಬುಲೆನ್ಸುಗಳನ್ನೂ ನಿಲ್ಲಿಸಿದ. ರೈಲ್ವೆ ಗೇಟಿಗೆ ಹೋಗಿ, ನಿಂತ ಗಾಡಿಯ ಪೈಪು ಬಿಚ್ಚಿ ಸೀಳಿದ. ಒಳಪದರ ಹಾವಿನ ಪೊರೆಯ ಹಾಗೆ ಕಳಚಿ, ಸುರುಳಿ ಸುತ್ತಿ, ಬಾಯಿಗೆ ಬಟ್ಟೆ ತುರುಕಿದಂತೆ ಕೂತಿತ್ತು. ಅದನ್ನು ನೋಡಿ ಅವನು ರಸ್ತೆಯ ಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತುಬಿಟ್ಟ.

ಸೋಮವಾರದ ವಿಚಾರಣೆಗೆ ಅವನು ಹೋಗಲಿಲ್ಲ. ಅರ್ಜಿಯನ್ನು ಹಿಂದಕ್ಕೆ ಪಡೆದ. ಆಂಬುಲೆನ್ಸುಗಳಿಗೆಲ್ಲ ತಾನೇ ನಿಂತು ಹಳೆಯ ಮೂರು ಪದರದ ಪೈಪು ಹಾಕಿದ. ಪ್ರಭುಲಿಂಗ ಎಷ್ಟೋ ದಿನ ಅವನೊಡನೆ ಮಾತಾಡಲಿಲ್ಲ.

ಕೆಲಸ ಮುಗಿದ ದಿನ ಅವನು ದಸ್ತಗೀರನ ಮುಂದೆ ಕೈಮುಗಿದು ನಿಂತ. "ತಪ್ಪಾತಪ್ಪ," ಎಂದ.

ದಸ್ತಗೀರ ಅವನ ಮುಖ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಆದರೆ ಮೊದಲಿನ ವಿಶ್ವಾಸವೂ ಇರಲಿಲ್ಲ.

"ನೀವು ಫೋನಿನ್ಯಾಗ ಖರೇ ಹೇಳಿದ್ರಿ, ಎರಡು ಜೀವಾ ಉಳದುವು. ಅದನ್ನ ನಾ ಮರಿಯಂಗಿಲ್ಲ," ಎಂದ. "ಆದ್ರ ಸಾಹೇಬ್ರ, ಅಷ್ಟೂ ದಿನ ನಾ ದೆವ್ವಕ್ಕ ಅಂಜಿದ್ದೆ. ಮನಷ್ಯಾಗ ಅಂಜಬೇಕಿತ್ತು."

ನೀತಿ: ಹೊಸದೆನಿಸಿಕೊಳ್ಳುವ ಹಂಬಲಕ್ಕೆ ಬಾಳುವ ವಸ್ತುವನ್ನು ಕೆಡಿಸಬಾರದು. ನಮ್ಮ ಕೈಯ ತಪ್ಪನ್ನು ಜನ ದೆವ್ವದ ತಲೆಗೆ ಕಟ್ಟಿದಾಗ ಸುಮ್ಮನಿರುವವನು ಆ ದೆವ್ವಕ್ಕಿಂತ ಅಪಾಯದವನು. ತಡವಾದರೂ ಸತ್ಯ ಹೇಳಿದರೆ ಜೀವ ಉಳಿದೀತು, ಆದರೆ ತಡಮಾಡಿದ್ದಕ್ಕೆ ವಿಶ್ವಾಸವನ್ನು ತೆರಲೇಬೇಕು.